ಬೆನ್ನ ಹಿಂದಿನ ಕೈ

"ಒಂದು ಕೈನ ಬೆನ್ನ ಹಿಂದೆ ಬಚ್ಚಿಟ್ಕೊಂಡು ನಿಲ್ಲೋನು ಸಾಚಾ ಆಗಿರೋಕೆ ಸಾಧ್ಯಾನೇ ಇಲ್ಲ," ಎಂದ ಪೊಲೀಸ್ ಪ್ರೂಯಿಟ್, ಸಾಕ್ಷಿಯ ಕುರ್ಚಿಯಲ್ಲಿ ಆರಾಮಾಗಿ ಒರಗಿಕೊಂಡು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅರ್ನೆಸ್ಟೀನಳಿಗೆ ಮೈಯೆಲ್ಲ ಉರಿದುಹೋಯಿತು. ಆರೋಪಿಯ ಜಾಗದಲ್ಲಿದ್ದವನು ಅವಳ ಗಂಡ ಕ್ಲೀಟಸ್. ಅವನ ಎಡ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಮುರಿದವನು ಪ್ರೂಯಿಟ್, ಕೇಸು ಬಿದ್ದದ್ದು ಕ್ಲೀಟಸನ ಮೇಲೆ.

ನಡೆದದ್ದು ಇಷ್ಟೇ. ಕ್ಲೀಟಸ್ ತಮ್ಮ ಚರ್ಚಿನಲ್ಲಿ ಬಾಗಿಲ ಸೇವೆಯವನು. ಬಿಳಿ ಗ್ಲೌಸು ತೊಟ್ಟು ಬಾಗಿಲಲ್ಲಿ ನೆಟ್ಟಗೆ ನಿಲ್ಲಬೇಕು, ಬಲಗೈಯಿಂದ ಬಂದವರಿಗೆ ದಾರಿ ತೋರಿಸಬೇಕು, ಎಡಗೈಯನ್ನು ಮುಷ್ಟಿ ಕಟ್ಟಿ ಸೊಂಟದ ಹಿಂದೆ ಇಟ್ಟುಕೊಳ್ಳಬೇಕು. ಅಲಬಾಮಾದ ಕಪ್ಪು ಜನರ ಚರ್ಚುಗಳಲ್ಲಿ ಅಜ್ಜಂದಿರ ಕಾಲದಿಂದ ಬಂದ ಶಿಸ್ತು ಅದು. ಒಂದು ಭಾನುವಾರ ಸಂಜೆ ಪ್ರಾರ್ಥನೆ ಮುಗಿಸಿ ಗ್ಲೌಸನ್ನೂ ಬಿಚ್ಚದೆ ಮನೆಗೆ ಹೊರಟಿದ್ದ. ಕಾರಿನ ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪ್ರೂಯಿಟ್ ತಡೆದು ಇಳಿಸಿದ. ನೆಟ್ಟಗೆ ನಿಲ್ಲು ಎಂದು ಗದರಿದ. ನೆಟ್ಟಗೆ ನಿಲ್ಲು ಎಂದರೆ ಕ್ಲೀಟಸನ ಮೈಗೆ ಗೊತ್ತಿದ್ದದ್ದು ಒಂದೇ ಬಗೆ. ಪಾಪ, ಹಾಗೇ ನಿಂತ. ಮರುಗಳಿಗೆಯಲ್ಲಿ ಅವನ ಮುಖ ಡಾಂಬರಿಗೆ ಬಡಿದಿತ್ತು, ಕೈ ಲಟಕ್ಕೆಂದಿತ್ತು.

ಬೆನ್ನ ಹಿಂದೆ ಪಿಸ್ತೂಲಿನಂಥ ಕಪ್ಪು ವಸ್ತು ಇತ್ತು, ಹಿಡಿಯಹೋದರೆ ಮೇಲೆ ಬಿದ್ದ ಎಂದು ಪ್ರೂಯಿಟ್ ಪ್ರಮಾಣ ಮಾಡಿ ಬರೆದುಕೊಟ್ಟ. ಎದೆಯ ಮೇಲಿನ ಕ್ಯಾಮೆರಾ ಸರಿಯಾಗಿ ಅದೇ ಹೊತ್ತಿಗೆ ಕೆಟ್ಟಿತ್ತಂತೆ. ಶಿಕ್ಷೆಯಾದರೆ ಕ್ಲೀಟಸ್ ಶಾಲೆಯ ಬಸ್ಸು ಓಡಿಸುವ ಹಾಗಿಲ್ಲ. ತಪ್ಪು ಒಪ್ಪಿಕೋ, ಜೈಲು ತಪ್ಪಿಸುತ್ತೇವೆ ಎಂದು ಸರ್ಕಾರಿ ವಕೀಲರು ಹೇಳಿಕಳಿಸಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅವರದು. ಅರ್ನೆಸ್ಟೀನ್ ಬಡಪೆಟ್ಟಿಗೆ ಬಗ್ಗಲಿಲ್ಲ.

ಕ್ಲೀಟಸನ ವಕೀಲೆ ಪ್ಲಾಸ್ಟಿಕ್ ಚೀಲವನ್ನು ಮೇಲೆತ್ತಿ ತೋರಿಸಿದಳು. ಒಳಗೆ ಆ ಸಂಜೆಯ ಗ್ಲೌಸು. ಶನಿವಾರ ಬಂತೆಂದರೆ ಗಂಡನ ಗ್ಲೌಸನ್ನು ತಿಕ್ಕಿ ತಿಕ್ಕಿ ಒಗೆಯುತ್ತಿದ್ದ ಅರ್ನೆಸ್ಟೀನ್ ಇದೊಂದನ್ನು ಮಾತ್ರ ನೀರಿಗೆ ತೋರಿಸಿರಲಿಲ್ಲ. ರಕ್ತದ ಕಲೆ ಹಾಗೇ ಇತ್ತು. ಉಳಿದದ್ದೆಲ್ಲ ಅಚ್ಚ ಬಿಳಿ.

"ಆ ಕೈಯಲ್ಲಿ ಇದ್ದಿದ್ದು ಇದೊಂದೇ. ಇದರಲ್ಲಿ ಕಪ್ಪು ಎಲ್ಲಿದೆ, ತೋರಿಸಿ," ಎಂದಳು ವಕೀಲೆ.

"ಬಣ್ಣದ ಮಾತು ಬಿಡಿ, ಕತ್ತಲಾಗ್ತಾ ಇತ್ತು. ಕೈ ಹಿಂದಕ್ಕೆ ಹೋಯ್ತಲ್ಲ, ಅಷ್ಟೇ ಸಾಕು. ನನ್ನ ಇಡೀ ಸರ್ವೀಸಲ್ಲಿ ಮರ್ಯಾದಸ್ಥರು ಯಾರೂ ಹಾಗೆ ನಿಂತಿದ್ದು ನಾನು ನೋಡಿಲ್ಲ."

ತೀರ್ಪು ಕೊಡುವ ಮುಂಚೆ ಸ್ವಲ್ಪ ಯೋಚಿಸಬೇಕೆಂದು ನ್ಯಾಯಾಧೀಶೆ ಎದ್ದು ಒಳಗೆ ಹೋದರು. ಕ್ಲೀಟಸ್ ಹೆಂಡತಿಯ ಕಡೆ ಬಾಗಿ, "ಒಪ್ಕೊಂಡ್ಬಿಡ್ಲಾ? ಕೊನೆಗೂ ನಡೆಯೋದು ಅವರ ಮಾತೇ," ಎಂದು ಪಿಸುಗುಟ್ಟಿದ.

"ಸುಮ್ನಿರು. ಒಪ್ಕೊಳ್ಳೋದಾಗಿದ್ರೆ ಆ ಗ್ಲೌಸ್ ಅವತ್ತೇ ಒಗೆದು ಹಾಕ್ತಿದ್ದೆ," ಎಂದಳು ಅರ್ನೆಸ್ಟೀನ್.

ಅವಳ ಹಿಂದಿನ ಬೆಂಚುಗಳಲ್ಲಿ ಚರ್ಚಿನ ಬಾಗಿಲ ಸೇವೆಯವರೆಲ್ಲ ಬಂದು ಕೂತಿದ್ದರು, ತಲೆಯಿಂದ ಕಾಲಿನವರೆಗೆ ಬಿಳಿ ಸಮವಸ್ತ್ರದಲ್ಲಿ. ನಮ್ಮವನ ಜೊತೆ ನಿಲ್ಲುವುದೂ ಸೇವೆಯೇ ಎಂದು ಅವರ ಮುಖ್ಯಸ್ಥೆ ಒಟಿಲಿಯಕ್ಕ ಅಪ್ಪಣೆ ಮಾಡಿದ್ದಳು. ಕೋರ್ಟಿನಲ್ಲಿ ಅವರು ಮಾಡಬೇಕಾದ್ದೇನೂ ಇರಲಿಲ್ಲ, ಸುಮ್ಮನೆ ಕೂತಿದ್ದರು.

"ಎಲ್ಲರೂ ಎದ್ದು ನಿಲ್ಲಿ," ಎಂದು ಬಾಗಿಲಲ್ಲಿದ್ದ ಕೋರ್ಟಿನ ಮುದಿ ಕಾವಲುಗಾರ ಲೆಮ್ಯುಯೆಲ್ ಕೂಗಿದ. ನ್ಯಾಯಾಧೀಶೆ ಬಂದರು, ಆದರೆ ಕೂರಲಿಲ್ಲ. ಅವರ ಕಣ್ಣು ಬೆಂಚುಗಳ ಮೇಲೆ ನೆಟ್ಟಿತ್ತು. ಅರ್ನೆಸ್ಟೀನ್ ತಿರುಗಿ ನೋಡಿದಳು. ಬಿಳಿ ಬಟ್ಟೆಯ ಸಾಲು ಸಾಲೇ ನೆಟ್ಟಗೆ ನಿಂತಿತ್ತು, ಪ್ರತಿಯೊಬ್ಬರ ಎಡಗೈಯೂ ಬೆನ್ನ ಹಿಂದೆ. ಯಾರೂ ಹೇಳಿಕೊಟ್ಟದ್ದಲ್ಲ, ಎದ್ದರೆ ಅವರು ನಿಲ್ಲುವುದೇ ಹಾಗೆ. ಆರೋಪಿಯ ಜಾಗದಲ್ಲಿ ಕ್ಲೀಟಸನೂ, ಆ ಸೊಟ್ಟ ಕೈಯನ್ನೇ ಹಿಂದಿಟ್ಟುಕೊಂಡು, ಹಾಗೇ ನಿಂತಿದ್ದ.

ನ್ಯಾಯಾಧೀಶೆಯ ನೋಟ ನಿಧಾನವಾಗಿ ಬಾಗಿಲಿಗೆ ಹೋಯಿತು. "ನೀನೂನಾ, ಲೆಮ್ಯುಯೆಲ್?"

"ನಮ್ಮದು ಬೇರೆ ಚರ್ಚು, ಅಮ್ಮಾ. ನಿಲ್ಲೋದು ಮಾತ್ರ ಒಂದೇ ಥರ," ಎಂದ ಲೆಮ್ಯುಯೆಲ್. ಅವನ ಎಡಗೈಯೂ ಹಿಂದಿತ್ತು.

"ಪ್ರೂಯಿಟ್, ನೀವು ಈ ಕೋರ್ಟಿಗೆ ಬಂದಾಗಲೆಲ್ಲ ಬಾಗಿಲು ತೆಗೆಯೋನು ಈ ಮನುಷ್ಯ. ಇವನ ಕೈ ಮುರೀಬೇಕು ಅಂತ ಯಾವತ್ತಾದ್ರೂ ಅನ್ನಿಸಿತ್ತಾ?"

ನ್ಯಾಯಾಧೀಶೆ ಅಲ್ಲೇ ಕೇಸು ವಜಾ ಮಾಡಿದರು. ಸುಳ್ಳು ಪ್ರಮಾಣಕ್ಕಾಗಿ ಪ್ರೂಯಿಟ್ ಮೇಲೇ ವಿಚಾರಣೆ ನಡೆಯಲಿ, ಆ ಕೆಟ್ಟ ಕ್ಯಾಮೆರಾ ಇವತ್ತೇ ಕೋರ್ಟಿನ ವಶಕ್ಕೆ ಬರಲಿ ಎಂದರು. ಕ್ಯಾಮೆರಾ ಎಂದದ್ದೇ ತಡ, ಅವನ ಕೈ ತಾನಾಗಿ ಎದೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಟಿಲಿಯಕ್ಕ ಕೋರ್ಟೆಂದೂ ನೋಡದೆ ಗಟ್ಟಿಯಾಗಿ ದೇವರಿಗೆ ಸ್ತೋತ್ರ ಹೇಳಿದಳು, ಬೆಂಚುಗಳೆಲ್ಲ ಅದಕ್ಕೆ ದನಿಗೂಡಿಸಿದವು.

ಅರ್ನೆಸ್ಟೀನ್ ಕಣ್ಣೊರೆಸಿಕೊಂಡು ಗ್ಲೌಸು ವಾಪಸ್ ಕೇಳಿದಳು. ಅದು ಇಲ್ಲೇ ಇರಬೇಕು, ಪ್ರೂಯಿಟ್ ಕೇಸಿಗೆ ಬೇಕಾಗುತ್ತದೆ ಎಂದರು ಕೋರ್ಟಿನವರು. "ಇಟ್ಕೊಳ್ಳಿ, ಒಗೀಬೇಡಿ ಮತ್ತೆ," ಎಂದು ನಕ್ಕಳು.

ಅಷ್ಟರಲ್ಲಿ ಕ್ಲೀಟಸ್ ಬಾಗಿಲಿಗೆ ಹೋಗಿದ್ದ. ಕೈ ಮುರಿದಾಗಿನಿಂದ ಅವನು ಯಾವ ಬಾಗಿಲಲ್ಲೂ ನಿಂತವನಲ್ಲ. ಈಗ ಲೆಮ್ಯುಯೆಲ್ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಕ್ಲೀಟಸ್ ನೆಟ್ಟಗೆ ನಿಂತು ಎಡಗೈಯನ್ನು ಬೆನ್ನ ಹಿಂದಿಟ್ಟು, ಬಲಗೈ ಚಾಚಿ, "ದಾರಿ ಈ ಕಡೆ, ಸಾರ್," ಎಂದ.

ಪ್ರೂಯಿಟ್ ತನ್ನ ಟೋಪಿಯನ್ನು ಎರಡೂ ಕೈಯಲ್ಲಿ, ಎಲ್ಲರಿಗೂ ಕಾಣುವಂತೆ, ಮುಂದಕ್ಕೆ ಹಿಡಿದುಕೊಂಡು ಹೊರಗೆ ನಡೆದ.