ಬ್ರೂನೊ ಯಾಕೆ ಗುರ್ ಅನ್ನುತ್ತಿತ್ತು?

ದಾವಣಗೆರೆಯ ಟೈಲ್ಸ್ ವ್ಯಾಪಾರಿ ಕೊಟ್ರೇಶನಿಗೆ ಮನೆಯ ನಾಯಿ ಬ್ರೂನೊ ಮೇಲೆ ಸಿಟ್ಟು... ಕೆಲಸದ ದುರುಗಮ್ಮನ ಮೇಲೆ ಅನುಮಾನ.

ತಿನ್ನುವಾಗ ಹತ್ತಿರ ಹೋದರೆ ಸಾಕು, ಬ್ರೂನೊ ಬಟ್ಟಲಿಗೆ ಅಡ್ಡ ನಿಂತು ಗುರ್ ಅನ್ನುತ್ತಿತ್ತು. ಮೊನ್ನೆಯಂತೂ ಯಜಮಾನನ ಕೈಗೇ ಹಲ್ಲು ತಾಗಿಸಿತು.

ಆದರೆ ದುರುಗಮ್ಮ ಹೋದರೆ...? ಬಾಲ ಅಲ್ಲಾಡಿಸುತ್ತಿತ್ತು!

"ಆಕಿ ಏನೋ ಮದ್ದು ಹಾಕ್ಯಾಳ್ರಿ," ಹೆಂಡತಿ ಪಿಸುಗುಟ್ಟಿದಳು. "ಸೆರಗಿನ ಗಂಟಿನಾಗಿಂದ ಏನೋ ತೆಗ್ದು ಅದರ ಬಟ್ಟಲ ಹತ್ರ ಒಗೀತಾಳೆ. ನಾಳೆ ನಮ್ಮ ಅನ್ನಕ್ಕೂ ಹಾಕಿದ್ರೆ?"

ಅಷ್ಟೇ... ಹನ್ನೊಂದು ವರ್ಷ ಅವರ ಎಂಜಲು ತೊಳೆದ ಕೈ ಒಂದೇ ದಿನದಲ್ಲಿ ವಿಷದ ಕೈಯಾಯಿತು.

ಮರುದಿನ ಮಧ್ಯಾಹ್ನ ಕೊಟ್ರೇಶ ಹಿತ್ತಲ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ.

ಹಿತ್ತಲಲ್ಲಿ ಬುತ್ತಿ ಮುಂದಿಟ್ಟು ಉಣ್ಣಲು ಕುಳಿತ ದುರುಗಮ್ಮ ಸೆರಗಿನ ಗಂಟು ಬಿಚ್ಚಿದಳು. ಬಿಳಿ ಚೂರೊಂದನ್ನು ದೂರದಿಂದಲೇ, ತಿನ್ನುತ್ತಿದ್ದ ಬ್ರೂನೊನ ಬಟ್ಟಲಿನ ಪಕ್ಕ ಎಸೆದಳು...

"ಸಿಕ್ಕಿಬಿದ್ದೆ! ಏನದು? ನಿಜ ಹೇಳು, ಇಲ್ಲಾಂದ್ರೆ ನಾಳಿಂದ ಕೆಲಸಕ್ಕೆ ಬರಬ್ಯಾಡ!"

ಅವಳು ಸೆರಗು ಚಾಚಿದಳು. ಬೇಯಿಸಿದ ಅರ್ಧ ಮೊಟ್ಟೆ...

"ನನ್ನ ಬುತ್ತಿದು ಸಾವ್ಕಾರ್ರೆ. ನಿಮ್ಮನ್ಯಾಗೆ ತತ್ತಿ ತರಂಗಿಲ್ಲ ಅಂತ ಮುಚ್ಚಿಟ್ಕಂಡಿದ್ದೆ. ತಪ್ಪಾತು."

"ಮತ್ತೆ ಅನ್ನ ಹಾಕೋ ನನಗೇ ಗುರ್ ಅಂತತಿ, ನಿನಗ್ಯಾಕೆ ಅನ್ನಲ್ಲ?"

"ಯಜಮಾನ ಯಾರಂತ ಅದಕ್ಕೆ ಗೊತ್ತಾಗ್ಲಿ ಅಂತ, ಮೊಬೈಲ್‌ನಾಗೆ ವಿಡಿಯೋ ನೋಡಿ, ದಿನಾ ಅದು ತಿನ್ನಾಗ ಬಟ್ಟಲು ಎತ್ಕಂತೀರಲ್ರಿ... ನೀವು ಬಂದ್ರೆ ಅದರ ಊಟ ಹೋಗತತಿ. ನಾನು ಬಂದ್ರೆ ಒಂದ್ ಚೂರು ಹೆಚ್ಗೆ ಬೀಳತತಿ. ಅಷ್ಟೇ ಮದ್ದು."

"ಇದನ್ನ ನಿನಗ್ಯಾರು ಕಲಿಸಿದ್ರು?"

ದುರುಗಮ್ಮ ನೆಲ ನೋಡಿದಳು.

"ಯಾರು ಕಲಿಸ್ಬೇಕ್ರಿ? ನಾನು ಇಲ್ಲಿ ಉಣ್ಣಾಕ್ ಕುಂತ್ರೆ ಒಳಗಿಂದ ನಾಕ್ ಸಲ ಕರೀತೀರಿ. ತುತ್ತು ಬಿಟ್ಟು ಏಳ್ತೀನಿ. ನಂಗೂ ಗುರ್ ಅನ್ನಂಗಾಗತತಿ... ಬಾಯಿ ಮುಚ್ಕಂಡು ಬರ್ತೀನಿ."

ಕೊಟ್ರೇಶನ ಕಣ್ಣು ತುಂಬಿತು.

ಅಷ್ಟರಲ್ಲೇ ಒಳಗಿಂದ ಹೆಂಡತಿಯ ಕೂಗು: "ದುರುಗವ್ವಾ! ಬಾ ಇಲ್ಲಿ!"

ಅಭ್ಯಾಸ... ಅವಳು ಬುತ್ತಿ ಮುಚ್ಚಿ ಎದ್ದೇಬಿಟ್ಟಳು.

"ಕುಂದ್ರವ್ವ," ಎಂದ ಕೊಟ್ರೇಶ. ಒಳಗೆ ಕೇಳುವಂತೆ ಜೋರಾಗಿ ಕೂಗಿ ಹೇಳಿದ: "ಆಕಿ ಉಣ್ಣಾಕತ್ಯಾಳೆ! ಆಮ್ಯಾಲೆ ಬರ್ತಾಳೆ!"

ಅಂದಿನಿಂದ ಅವನು ಬಟ್ಟಲು ಮುಟ್ಟಲಿಲ್ಲ. ದೂರ ನಿಂತು ಪನೀರ್ ಚೂರು ಎಸೆದು ಸುಮ್ಮನೆ ಹೋಗುತ್ತಿದ್ದ. ಗುರ್ ಎನ್ನುವುದು ನಿಲ್ಲಲು ಎರಡು ತಿಂಗಳು ಬೇಕಾಯಿತು.

ಬ್ರೂನೊ ಇಂದಿಗೂ ತಿನ್ನುತ್ತಾ ಒಂದು ಕಣ್ಣನ್ನು ಅವನ ಕೈ ಮೇಲೆಯೇ ಇಟ್ಟಿರುತ್ತದೆ. ಇಡಲಿ ಬಿಡಿ... ನಂಬಿಕೆ ಕೆಡಿಸಿದವರು ಕಾಯಲೇಬೇಕು.

*ಗುರ್ ಎನ್ನುವ ಜೀವವನ್ನು ದೂರುವ ಮೊದಲು, ಅದರ ತುತ್ತಿಗೆ ಕೈಹಾಕಿದವರು ಯಾರೆಂದು ಕೇಳಿ.*

ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ನಡುವೆ ಏಳದೆ ಪೂರ್ತಿ ಉಂಡದ್ದನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ?