ಕೊನೆಯ ದೃಶ್ಯಕ್ಕೆ ಮೊದಲು

ಮೂಲೆಯ ಕುರ್ಚಿಯಲ್ಲಿದ್ದ ಹಿರಿಯರು ಮತ್ತೆ ಫೋನ್ ಎತ್ತಿದರು.

ಬಾಗಿಲ ಬಳಿ ಕತ್ತಲಲ್ಲಿ ನಿಂತಿದ್ದ ತುಷಾರ್ ಅವರನ್ನೇ ನೋಡುತ್ತಿದ್ದ. ನಿನ್ನೆಯ ಮ್ಯಾಟಿನಿಯಲ್ಲೂ ಹೀಗೆಯೇ ಆಗಿತ್ತು. ಮೊದಲು ಕೈಹೆಣಿಗೆಯ ಬೂದು ಸ್ವೆಟರಿನ ಬಲತೋಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಮಡಚುವುದು. ಆಮೇಲೆ ಫೋನ್ ಎತ್ತುವುದು. ಒಂದೆರಡು ಕ್ಷಣ ಹಿಡಿದು ಇಳಿಸುವುದು. ಕಳ್ಳತನಕ್ಕೂ ಒಂದು ಶಿಸ್ತು ಇರುತ್ತದೆ ಎಂದುಕೊಂಡ.

ಪರದೆಯ ಮೇಲೆ ಪತ್ತೇದಾರಳು ಕೆಫೆಯೊಂದರಲ್ಲಿ ಸಾಕ್ಷಿಯನ್ನು ಪ್ರಶ್ನಿಸುತ್ತಿದ್ದಳು. ಸಭಾಂಗಣದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಸ್ಟ್ರೇಲಿಯಾದ ಈ ಪತ್ತೇದಾರಿ ಚಿತ್ರವನ್ನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಈ ಬಾಡಿಗೆ ಸಭಾಂಗಣಕ್ಕೆ ತರಿಸಿದವನು ತುಷಾರನೇ. ನಿರ್ದೇಶಕನಿಗೆ ಮೇಲಿಂದ ಮೇಲೆ ಬರೆದು ಒಪ್ಪಿಸಿದ್ದ. ಯಾರೂ ಒಂದು ಚೂರನ್ನೂ ಚಿತ್ರೀಕರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ. ಮಾತು ತಪ್ಪಿದರೆ ನಾಳೆಯಿಂದ ಯಾವ ನಿರ್ದೇಶಕನೂ ಈ ಫಿಲ್ಮ್ ಕ್ಲಬ್ಬಿಗೆ ಚಿತ್ರ ಕೊಡುವುದಿಲ್ಲ. ಕ್ಲಬ್ ಮುಚ್ಚಿದಂತೆಯೇ. ಟೆಲಿಕಾಂ ಕಂಪನಿ ಅವನನ್ನು ಬೆಂಗಳೂರಿನಿಂದ ನೈರೋಬಿಗೆ ಕಳಿಸಿದ ಮೇಲೆ, ಕಿಲಿಮಾನಿ ಬಡಾವಣೆಯ ಫ್ಲ್ಯಾಟಿನಲ್ಲಿ ಗೋಡೆ ನೋಡುತ್ತ ಕೂರುವುದನ್ನು ತಪ್ಪಿಸಿದ್ದು ಈ ಕ್ಲಬ್ ಒಂದೇ.

ಚಿತ್ರಕ್ಕೆ ಅದರ ಊರಿನಲ್ಲೂ ಮಿಶ್ರ ಸ್ವಾಗತವೇ ಸಿಕ್ಕಿತ್ತು. ಒಂದು ಪತ್ರಿಕೆ ಹೊಗಳಿದರೆ ಇನ್ನೊಂದು ಕಾಲೇಜು ನಾಟಕ ಎಂದಿತ್ತು. ಇಲ್ಲಿಯೂ ಅದೇ. ಬ್ಯಾಂಕಿನಲ್ಲಿರುವ ಶ್ರೀರಂಜನಿ, ಕ್ಲಬ್ಬಿನ ಕಾರ್ಯದರ್ಶಿ, ಕಾಸಿಲ್ಲದೆಯೂ ಇಷ್ಟು ಬಿಗಿಯಾಗಿ ಮಾಡಿದ್ದಾರಲ್ಲ ಎಂದು ಮೆಚ್ಚಿದ್ದಳು. ತುಷಾರ್ ಮೆಚ್ಚಲಿಲ್ಲ. ಮೊದಲ ಪ್ರದರ್ಶನ ಮುಗಿದ ಮರುದಿನವೇ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ವಿಮರ್ಶೆ ಬರೆದು ಹಾಕಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದು ಅದರ ಒಂದು ಪ್ಯಾರಾಕ್ಕೆ:

'ನಿರ್ಮಾಪಕರಿಗೆ ಸಿಕ್ಕಿದ್ದು ಒಬ್ಬನೇ ಎಕ್ಸ್‌ಟ್ರಾ. ಬಲತೋಳು ಗೇಣುದ್ದ ಹೆಚ್ಚಾದ ಹಳದಿ ಸ್ವೆಟರಿನ ಈ ಭಾರತೀಯ ಹುಡುಗ ಕೆಫೆಯಲ್ಲಿ ಕಾಫಿ ಕುಡಿಯುತ್ತಾನೆ, ನಿಲ್ದಾಣದಲ್ಲಿ ಬಸ್ ಕಾಯುತ್ತಾನೆ, ಕೋರ್ಟಿನಲ್ಲಿ ಆಕಳಿಸುತ್ತಾನೆ. ಕೊನೆಯ ದೃಶ್ಯದಲ್ಲಿ ಕೋಟು ತೊಡಿಸಿ ಹೆಣವಾಗಿಯೂ ಅವನನ್ನೇ ಮಲಗಿಸಿದ್ದಾರೆ. ಬಡತನ ದೊಡ್ಡದು.'

"ಪಾಪ ಕಣೋ, ಕ್ರೆಡಿಟ್ಸಲ್ಲಿ ಅವನ ಹೆಸ್ರೂ ಇಲ್ಲ. ಅವನ್ನ ಯಾಕೆ ಹಿಡ್ಕೊಂಡೆ?" ಎಂದಿದ್ದಳು ಶ್ರೀರಂಜನಿ.

"ಹೆಸ್ರಿದ್ದಿದ್ರೆ ಬಿಡ್ತಿದ್ದೆ," ಎಂದು ತುಷಾರ್ ನಕ್ಕಿದ್ದ.

ವಿಮರ್ಶೆ ಓದಿದವರು ಹಳದಿ ಸ್ವೆಟರ್ ಹುಡುಕಲೆಂದೇ ಬರತೊಡಗಿದರು. ವಾರಾಂತ್ಯಕ್ಕೆ ಹೆಚ್ಚಿನ ಪ್ರದರ್ಶನ ಇಡಬೇಕಾಯಿತು. ಅವುಗಳಲ್ಲಿ ಒಂದನ್ನೂ ತಪ್ಪಿಸದೆ ಬಂದವರು ಈ ಹಿರಿಯರು. ಇನೋಸೆಂಟ್ ಎಂದು ಹೆಸರು, ಇಂಡಸ್ಟ್ರಿಯಲ್ ಏರಿಯಾದ ಯಾವುದೋ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದ ಮಂಗಳೂರಿನವರು, ಎಂಬಷ್ಟು ಗೊತ್ತಾಗಿತ್ತು. ಯಾರೊಡನೆಯೂ ಮಾತಿಲ್ಲ. ಎಲ್ಲರೂ ನಗುವಲ್ಲಿ ನಗುವುದಿಲ್ಲ. ಇನ್ನೇನು ಹೆಣದ ಪೆಟ್ಟಿಗೆ ತೆರೆದು, ಕೊಲೆಗಾರ ಯಾರೆಂದು ಗೊತ್ತಾಗಬೇಕು ಅನ್ನುವಷ್ಟರಲ್ಲಿ ಎದ್ದು ಹೋಗಿಬಿಡುತ್ತಾರೆ. ಕೊಲೆಗಾರ ಯಾರೆಂದು ಬೇಡದ ಪ್ರೇಕ್ಷಕ ಪ್ರೇಕ್ಷಕನೇ ಅಲ್ಲ.

ಈಗ ಕೋರ್ಟಿನ ದೃಶ್ಯ. ಬಲತೋಳು ಮೇಲೇರಿತು. ಫೋನ್ ಎದ್ದಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಚರ್ಚಿನ ಗಂಟೆ ಮೊಳಗಿತು. ಇನೋಸೆಂಟ್ ಎದ್ದರು, ಮಂಡಿಗಳಿಗೆ ತಗುಲದಂತೆ ಸಾಲು ದಾಟಿ ಹೊರಗೆ ನಡೆದರು.

ತುಷಾರ್ ಹಿಂದೆಯೇ ಹೋದ. ಹೊರಗಿನ ಮೊಗಸಾಲೆಯಲ್ಲಿ ನೈರೋಬಿಯ ಜುಲೈ ತಿಂಗಳ ಚಳಿ. ಗೇಟಿನ ಕಾವಲುಗಾರನ ಹೊರತು ಯಾರೂ ಇಲ್ಲ.

"ಅಂಕಲ್, ಒಂದ್ನಿಮಿಷ. ನಿಮ್ಮ ಫೋನ್ ನೋಡ್ಬೇಕು."

ಇನೋಸೆಂಟ್ ತಿರುಗಿ ಅವನನ್ನೇ ನೋಡಿದರು. "ವಿಮರ್ಶೆ ಬರೆದದ್ದು ನೀವೇ ಅಲ್ವಾ? ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಇದ್ದೆ. ಅದು ಓದದಿದ್ರೆ ನನಗೆ ಈ ಪಿಚ್ಚರ್ ಗೊತ್ತೇ ಆಗ್ತಿರ್ಲಿಲ್ಲ."

ಮಾತು ಮರೆಸುವ ಉಪಾಯ. ತುಷಾರ್ ಕೈ ಚಾಚಿಯೇ ನಿಂತ. ಅವರು ಫೋನ್ ಕೊಟ್ಟರು.

ವಿಡಿಯೋ ಒಂದೂ ಇರಲಿಲ್ಲ. ಪತ್ತೇದಾರಳೂ ಇಲ್ಲ, ಕೊಲೆಗಾರನೂ ಇಲ್ಲ. ಬರೀ ಮಸುಕು ಚಿತ್ರಗಳು, ಪರದೆಯ ಅಂಚಿನವು. ಕಪ್ ಹಿಡಿದ ಹಳದಿ. ಬಸ್ ಕಾಯುವ ಹಳದಿ. ಆಕಳಿಸುವ ಹಳದಿ. ತುಷಾರ್ ಬೆರಳು ಸರಿಸುತ್ತ ಹೋದ. ಇದ್ದಕ್ಕಿದ್ದಂತೆ ಒಂದು ಚಿತ್ರ ಸ್ಪಷ್ಟವಾಗಿತ್ತು: ಯಾವುದೋ ಮನೆಯ ಬಾಲ್ಕನಿ, ಅದೇ ಹಳದಿ ಸ್ವೆಟರಿನ ಹುಡುಗ. ಅವನ ಬೆರಳುಗಳನ್ನೂ ಮುಚ್ಚಿದ್ದ ಬಲತೋಳನ್ನು ಎಳೆದು ಹಿಡಿದು ನಗುತ್ತಿರುವ ಹೆಂಗಸು.

ಇನೋಸೆಂಟ್ ತಮ್ಮ ತೋಳಿನ ಮಡಿಕೆ ಬಿಚ್ಚಿದರು. ಬೂದು ಉಣ್ಣೆ ಇಳಿದು ಅವರ ಬೆರಳುಗಳನ್ನೂ ಮುಚ್ಚಿತು.

"ನನ್ನ ಹೆಂಡ್ತಿ ಆಂಜೆಲಾ ಎಷ್ಟು ಹೆಣೆದ್ರೂ ಬಲಗೈ ಉದ್ದವೇ. ಇದು ನಮ್ಮ ಎಲ್ರೊಯ್. ಪರ್ತ್‌ನಲ್ಲಿ ಓದ್ಲಿಕ್ಕೆ ಇದ್ದ. ಯಾವುದೋ ಪಿಚ್ಚರಲ್ಲಿ ನಿಂತಿದ್ದೇನೆ ಅಂತ ಹೇಳಿದ್ದ, ಯಾವುದು ಅಂತ ಹೇಳ್ಲಿಲ್ಲ. ಅವಳು ಇಲ್ಲಿಗೆ ಬರುದಿಲ್ಲ. ಫೋಟೋ ಸರಿ ಬಂದ್ರೆ ತೋರಿಸುವಾ ಅಂತ."

ತುಷಾರನ ಕಿವಿ ಬಿಸಿಯಾಯಿತು. ಕಳ್ಳನಲ್ಲ, ಮಗನನ್ನು ನೋಡಿ ಹಿಗ್ಗುವ ಅಪ್ಪ. ಮನಸ್ಸು ಹಗುರಾಯಿತು. ಏನಾದರೂ ಮಾಡಿ ತಪ್ಪು ಸರಿಮಾಡಬೇಕು ಎಂಬ ಆತುರದಲ್ಲಿ ಅವರ ಮೊಣಕೈ ಹಿಡಿದ.

"ಸಾರಿ ಅಂಕಲ್. ಮುಂದಿನ ವಾರ ಎಲ್ರೊಯ್‌ನ ವಿಡಿಯೋ ಕಾಲಲ್ಲಿ ಕರೆಸೋಣ, ಎಲ್ರ ಎದುರು ಮಾತಾಡ್ಲಿ. ಈಗ ಬನ್ನಿ ಒಳಗೆ. ಇವೆಲ್ಲ ಮಸುಕು. ಕೊನೆ ಸೀನಲ್ಲಿ ಕ್ಯಾಮೆರಾ ಹತ್ರ ಹೋಗುತ್ತೆ, ಮುಖ ಪೂರ್ತಿ ಕಾಣುತ್ತೆ. ನಾನೇ ಚಿತ್ರ ಅಲ್ಲೇ ನಿಲ್ಲಿಸ್ತೀನಿ, ಬೇಕಾದಷ್ಟು ಫೋಟೋ ತಗೊಳ್ಳಿ."

ಒಳಗಿನಿಂದ ನಗೆ ಅಲೆಯಂತೆ ಎದ್ದು ಬಂತು. ಪೆಟ್ಟಿಗೆ ತೆರೆದಿತ್ತು.

ಇನೋಸೆಂಟ್ ಮೆಲ್ಲಗೆ ಮೊಣಕೈ ಬಿಡಿಸಿಕೊಂಡರು.

"ಅದು ಬೇಡ," ಎಂದರು. "ಪೆಟ್ಟಿಗೆಯಲ್ಲಿ ಅವನನ್ನು ನಾವು ಒಮ್ಮೆ ನೋಡಿ ಆಗಿದೆ."