ಮೂವತ್ತಮೂರು ಸೆಕೆಂಡು

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದವನು ಬಂದು ರೈಲಿನ ಪಕ್ಕ ನಿಂತಾಗ ಇಡೀ ಸಾಲಿನ ಹೆಂಗಸರು ತಲೆ ತಗ್ಗಿಸಿ ಹೊಲಿಯತೊಡಗಿದರು. ಕಿವಿ ಮಾತ್ರ ಎಲ್ಲರದೂ ಅತ್ತಲೇ ಇತ್ತು. ರೈಲು ಎಂಬುದು ಅದೇ ಸಾಲಿನ ಒಬ್ಬಳಿಗೆ ಅವರೇ ಇಟ್ಟ ಅಡ್ಡಹೆಸರು. ಅಂಗಿಗೆ ಜೇಬು ಕೂರಿಸುವುದರಲ್ಲಿ ಅವಳ ವೇಗಕ್ಕೆ ಸಮನಾದವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಒಮ್ಮೆ ಮೆಷಿನ್ ಮುಂದೆ ಕೂತಳೆಂದರೆ ಊಟದ ಗಂಟೆಯವರೆಗೆ ಯಾವ ಸ್ಟೇಷನ್ನಿನಲ್ಲೂ ನಿಲ್ಲುವವಳಲ್ಲ ಎಂದು ಕಾಲೆಳೆಯುತ್ತಿದ್ದರು.

ಆ ಬೆಳಿಗ್ಗೆ ನಲ್ಲಿಯ ಹತ್ತಿರ ದೊಡ್ಡಕ್ಕ ಅವಳ ಕೈ ಹಿಡಿದುಕೊಂಡಿದ್ದಳು. ಹಿಂದಿನ ಮೆಷಿನ್ನಿನಲ್ಲಿ ಹತ್ತೊಂಬತ್ತು ವರ್ಷದಿಂದ ಜೇಬು ಹೊಲಿಯುತ್ತಿದ್ದ ದೊಡ್ಡಕ್ಕನೇ ರೈಲಿಗೆ ಕೆಲಸ ಕಲಿಸಿದವಳು. ಈಗ ಅವಳ ಕಣ್ಣು ಮಂಜಾಗುತ್ತಿತ್ತು.

“ಇವತ್ತು ಟೈಮ್ ಹಿಡಿಯೋಕೆ ಬರ್ತಾನಂತೆ. ನಿನ್ನ ಹತ್ರಾನೇ ನಿಲ್ತಾನೆ ನೋಡು. ಸ್ವಲ್ಪ ನಿಧಾನ ಮಾಡು ಮಗಳೇ. ನೀನು ಓಡಿದ್ರೆ ಎಲ್ಲರ ಲೆಕ್ಕಾನೂ ಏರಿಸ್ತಾರೆ. ಗಂಟೆಗೆ ಎಂಬತ್ತು ಹೊಲಿಯೋದ್ರಲ್ಲೇ ನಂಗೆ ಏದುಸಿರು.”

“ಯೋಚನೆ ಮಾಡ್ಬೇಡಿ ದೊಡ್ಡಕ್ಕ. ಇವತ್ತೊಂದಿನ ಗೂಡ್ಸ್ ಗಾಡಿ ಆಗ್ತೀನಿ.”

ಇಬ್ಬರೂ ನಕ್ಕಿದ್ದರು.

ಮೊದಲ ಎರಡು ಜೇಬುಗಳನ್ನು ರೈಲು ಕೊಟ್ಟ ಮಾತಿನಂತೆಯೇ ಹೊಲಿದಳು. ಮೂಲೆ ತಿರುಗಿಸುವಾಗ ಬೇಕೆಂದೇ ನಿಲ್ಲಿಸಿದಳು, ದಾರ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದಳು. ನಿಧಾನವಾಗಿ ಹೊಲಿಯುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಅವತ್ತೇ ತಿಳಿದದ್ದು. ಮೂರನೆಯದರ ಹೊಲಿಗೆ ಡೊಂಕಾಯಿತು. ವಾಚಿನವನು ಜೊತೆಗಿದ್ದ ಮೇಲ್ವಿಚಾರಕನ ಕಡೆ ತಿರುಗಿ, “ನೀವು ಹೊಗಳಿದ್ದು ಇವಳನ್ನೇನಾ?” ಎಂದ.

ಅಷ್ಟು ಸಾಕಾಯಿತು. ಮುಂದೆ ಕೈ ಅವಳ ಮಾತು ಕೇಳಲಿಲ್ಲ. ಬಟ್ಟೆ ತಾನಾಗಿ ಬಂದು ಸೂಜಿಯ ಕೆಳಗೆ ಕೂರುವಂತೆ, ಮೂಲೆಗಳು ತಾವಾಗಿ ತಿರುಗುವಂತೆ ಒಂದರ ಹಿಂದೊಂದು ಜೇಬು ಮುಗಿಯುತ್ತ ಹೋದವು. ಹತ್ತು ಮುಗಿದಾಗ ಅವನು ವಾಚು ಒತ್ತಿ, “ಒಂದಕ್ಕೆ ಮೂವತ್ತಮೂರು ಸೆಕೆಂಡು! ಶಭಾಷ್. ಇಂಥ ಕೈ ನಾನೆಲ್ಲೂ ನೋಡಿಲ್ಲ” ಎಂದ. ಆರು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಅವಳ ಮುಖ ಅರಳಿತು. ಅರಳಿದ ಮುಖದಲ್ಲೇ ಹಿಂದೆ ತಿರುಗಿದಳು. ದೊಡ್ಡಕ್ಕ ತಲೆ ಎತ್ತಲಿಲ್ಲ.

ಮರುದಿನ ಗಂಟೆಯ ಲೆಕ್ಕ ಬರೆಯುವ ಹಲಗೆಯ ಮೇಲಿನ ಎಂಬತ್ತನ್ನು ಒರೆಸಿ ನೂರು ಎಂದು ಬರೆದಿದ್ದರು. ಸಂಬಳ ಇದ್ದಲ್ಲೇ ಇತ್ತು. ಸತತ ಮೂರು ದಿನ ನೂರು ಮುಟ್ಟದವರು ನಾಲ್ಕನೆಯ ದಿನ ಬರುವುದು ಬೇಡ ಎಂದು ಮೇಲ್ವಿಚಾರಕ ಸಾಲಿನುದ್ದಕ್ಕೂ ಹೇಳಿಕೊಂಡು ಹೋದ. ರೈಲು ತನ್ನದನ್ನು ಬೇಗ ಮುಗಿಸಿ, ಯಾರೂ ನೋಡದಾಗ ಏಳೆಂಟು ಅಂಗಿಗಳನ್ನು ಹಿಂದಿನ ಮೆಷಿನ್ನಿಗೆ ಸರಿಸಿದಳು. ದೊಡ್ಡಕ್ಕ ಅವನ್ನು ಹಾಗೇ ಮುಂದಕ್ಕೆ ತಳ್ಳಿದಳು. “ನಾನು ಹೊಲಿಯದೇ ಇರೋದು ನನ್ನ ಲೆಕ್ಕಕ್ಕೆ ಬೇಡ.” ಹಲ್ಲು ಕಚ್ಚಿ ಹೊಲಿದರೂ ಅವಳದು ಎಂಬತ್ತಮೂರು ದಾಟಲಿಲ್ಲ. ನಾಲ್ಕನೆಯ ದಿನ ಆ ಮೆಷಿನ್ನಿನಲ್ಲಿ ಬೇರೊಬ್ಬಳು ಕೂತಿದ್ದಳು. ಎದುರು ಬೀದಿಯ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸಕ್ಕೆ ಅಲೆಯುತ್ತಿದ್ದವಳು, ಇನ್ನೂ ಕಡಿಮೆ ಸಂಬಳಕ್ಕೆ ಒಪ್ಪಿ ಬಂದಿದ್ದಳು.

“ಚೆನ್ನಾಗಿ ಹೊಲಿದದ್ದು ತಪ್ಪಾ? ಅದಕ್ಕೇ ಅಲ್ವಾ ನಿನಗೆ ಸಂಬಳ ಕೊಡೋದು?” ಎಂದ ರೈಲಿನ ಗಂಡ, ಆ ರಾತ್ರಿ ಊಟದ ಹೊತ್ತಿಗೆ ಎಲ್ಲ ಕೇಳಿ. ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು, ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಐದು ತಿಂಗಳಿಂದ ಮನೆಯಲ್ಲಿದ್ದ. ಅವಳು ಅರ್ಧ ಉಂಡ ತಟ್ಟೆ ಎತ್ತಿಕೊಂಡು ಎದ್ದಳು.

ರಜೆಯ ದಿನ ಮಧ್ಯಾಹ್ನ ದೊಡ್ಡಕ್ಕನ ಮನೆ ಹುಡುಕಿಕೊಂಡು ಹೋದಳು. ಕಡಿದಾದ ಮೆಟ್ಟಿಲ ತುದಿಯಲ್ಲಿ ಒಂದೇ ಕೋಣೆ, ಬಾಗಿಲು ತೆರೆದಿತ್ತು. ಕಿಟಕಿಯ ಬೆಳಕಿಗೆ ಚಾಪೆ ಹಾಕಿಕೊಂಡು ದೊಡ್ಡಕ್ಕ ಹರಿದ ಹೊದಿಕೆಗೆ ತೇಪೆ ಹಾಕುತ್ತಿದ್ದಳು. ರೈಲು ಬಾಗಿಲಲ್ಲೇ ನಿಂತಳು.

“ತಪ್ಪಾಯ್ತು ದೊಡ್ಡಕ್ಕ. ಹೊಟ್ಟೇಲಿ ಹಾಕ್ಕೊಳ್ಳಿ. ಕೈ ನಿಲ್ಲಿಸೋಕೆ ಆಗ್ಲಿಲ್ಲ.”

“ಗೊತ್ತು.” ದೊಡ್ಡಕ್ಕ ದಾರ ಕಚ್ಚಿ ತುಂಡು ಮಾಡಿದಳು. “ನಾನು ಸೇರಿದಾಗ ಗಂಟೆಗೆ ಅರವತ್ತೇ ಇತ್ತು. ಅದು ಎಂಬತ್ತು ಆದದ್ದು ಯಾರಿಂದ, ಕೇಳಿದ್ದೀಯಾ?”

ರೈಲು ಇಲ್ಲವೆಂದು ತಲೆ ಆಡಿಸಿದಳು.

“ನನ್ನಿಂದಾನೇ. ಆಗ ವಾಚು ಹಿಡಿದವನು ಬೇರೆ, ಅವನೂ ಶಭಾಷ್ ಅಂದಿದ್ದ. ಮನೇಲಿ ಎಲ್ಲರ ಮುಂದೆ ಹೇಳ್ಕೊಂಡು ಮೆರೆದಿದ್ದೆ. ಹದಿನೈದು ದಿನದಲ್ಲಿ ನನ್ನ ಮುಂದಿನ ಮೆಷಿನ್ ಖಾಲಿ ಆಯ್ತು. ಎರಡು ಮಕ್ಕಳ ತಾಯಿ ಅವಳು, ತೋರುಬೆರಳಿಗೆ ಸೂಜಿ ಹೊಕ್ಕು ಬೆರಳು ಸೆಟೆದುಹೋಗಿತ್ತು. ಇದೇ ಬೀದಿ ಕೊನೇಲಿ ಅವಳ ಮನೆ.”

ದೊಡ್ಡಕ್ಕ ಹೊದಿಕೆಯನ್ನು ಮಡಿಲಿನಿಂದ ತೆಗೆದು ಬದಿಗಿಟ್ಟಳು. ತಾನೂ ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು.

“ಆ ಬಾಗಿಲ ಮುಂದೆ ಹಾಯೋಕೆ ಮುಖ ಇಲ್ಲದೆ ಇಷ್ಟು ವರ್ಷ ಸುತ್ತಿ ಬಳಸಿ ಓಡಾಡಿದೆ. ನೀನು ಹೊಸ್ತಿಲ ತನಕ ಬಂದಿದ್ದೀಯಲ್ಲ. ಒಳಗೆ ಬಾ.”